ಉಳಿದ ಒಂಬತ್ತು ಪದ ಕೇಳಬೇಡ

ತಮ್ಮಾ,

ನೀನು ಸ್ನಾನಕ್ಕೆ ಹೋಗಿರುವಾಗ ಬರೆಯುತ್ತಿದ್ದೇನೆ.

ಕ್ರಿಪ್ಟೋ ವಾಲೆಟ್ಟಿನ ಹನ್ನೆರಡು ಗುಟ್ಟಿನ ಪದಗಳನ್ನು ಬರೆದಿಟ್ಟರೆ, ಅವು ಸಿಕ್ಕವರು ಹಣವನ್ನೆಲ್ಲ ದೋಚುತ್ತಾರೆಂದು ನೀನೇ ನನ್ನಿಂದ ಪದ್ಯದ ಹಾಗೆ ಬಾಯಿಪಾಠ ಮಾಡಿಸಿದೆ. ಈಗ "ಅಕ್ಕಾ, ಬೇಗ ಹೇಳು, ಇಲ್ದಿದ್ರೆ ಖಾತೆ ಮುಚ್ಚಿಬಿಡ್ತಾರಂತೆ" ಅಂದೆ. ನಾನು ಕಣ್ಣು ಮುಚ್ಚಿ ಶುರು ಮಾಡಿದೆ. ಮೂರು ಪದ ಆಗುವಷ್ಟರಲ್ಲಿ ಹೊಳೆಯಿತು. ನಮ್ಮ ವಾಲೆಟ್ ದಿನಾ ತೆರೆಯುವಾಗ ಇದನ್ನು ಎಂದೂ ಕೇಳಿಲ್ಲವಲ್ಲ! ನಾಲ್ಕನೆಯದು ಮರೆತೆ ಎಂದೆ. ಸುಳ್ಳು, ದೇವರು ಕ್ಷಮಿಸಲಿ.

ಈಗ ಪದ ಕೇಳುತ್ತಿರುವ ಪುಟ ನೀನು ಜಾಹೀರಾತು ಒತ್ತಿ ಹೋದದ್ದು. ಬಣ್ಣ, ಗುರುತು ಎಲ್ಲ ನಮ್ಮದರ ಹಾಗೇ ಇದೆ ಅಂತೀಯ. ವೇಷ ಹಾಕುವವನಿಗೆ ಅಷ್ಟೂ ಬರುವುದಿಲ್ಲವೇ?

ಆ ಪುಟ ಮುಚ್ಚು. ಹಿಂದೆ ನೀನೇ ಉಳಿಸಿಟ್ಟ ವಿಳಾಸದಿಂದ ಮಾತ್ರ ಹೋಗು. ಗೆಳೆಯರು ಕಳಿಸಿದ ಲಿಂಕನ್ನೂ ಮುಟ್ಟಬೇಡ. ಅಪ್ಪನ ಆಪರೇಷನ್ನಿಗೆ ಇಟ್ಟದ್ದೆಲ್ಲ ಅದರೊಳಗೇ ಇದೆ, ಮಾರಾಯ.

ತಿಂಡಿಯಾದ ಮೇಲೆ ಅಪ್ಪನಿಗೆ ಗುಳಿಗೆ ಕೊಡು. ಅವರಿಗೆ ಏನೂ ಹೇಳಬೇಡ.

ಫೋನನ್ನು ಮನೆಯಲ್ಲೇ ಬಿಟ್ಟು ಕೆಲಸಕ್ಕೆ ಹೋಗುತ್ತಿದ್ದೇನೆ. ಹುಡುಕಿಕೊಂಡು ಬರಬೇಡ. ನೀನು ಅಳುಮುಖ ಮಾಡಿ ಇನ್ನೊಂದು ಸಲ ಕೇಳಿದರೆ, ಉಳಿದ ಒಂಬತ್ತೂ ತಾವಾಗಿಯೇ ಬಾಯಿಂದ ಬಂದುಬಿಡುತ್ತವೆ.

ಅಕ್ಕ