ಇಲ್ಲ ಎಂದರೆ ಒಂಬತ್ತಕ್ಕೆ

6 ಫೆಬ್ರವರಿ, ಮಂಗಳವಾರ. ಸಂಜೆ 6.30

ಇವತ್ತು ಲ್ಯಾಬಿಗೆ ಪರೀಕ್ಷೆಗೆ ಬಂದವರು ಇಬ್ಬರೇ. ಪಾಲಕೋಡಿನವರೊಬ್ಬರು ಬರಲಿಲ್ಲ, ಟೊಮೇಟೊ ಲೋಡ್ ಇತ್ತಂತೆ. ಒಟ್ಟು ನಲವತ್ತಾಯಿತು. ಇನ್ನೊಬ್ಬರು ಮಗ್ಗದವರು ಸಿಕ್ಕರೆ ಮುಗಿಯಿತು.

ಮಲಗಿಸು. ಹತ್ತು ನಿಮಿಷ. ಬೆರಳಿಗೆ ಬಿಪಿ ಪಟ್ಟಿ. ಎದ್ದು ನಿಲ್ಲಿಸು. ಮೂರು ನಿಮಿಷ. ಕನಸಿನಲ್ಲೂ ಇದೇ. ಎದ್ದ ತಕ್ಷಣ ರಕ್ತ ಕಾಲಿಗೆ ಇಳಿಯುತ್ತದೆ, ಬಿಪಿ ಬೀಳುತ್ತದೆ. ಕುತ್ತಿಗೆಯ ರಕ್ತನಾಳದಲ್ಲಿರುವ ನರದ ತುದಿಗಳು ಮಿದುಳಿಗೆ ಚಾಡಿ ಹೇಳುತ್ತವೆ. ನಾಡಿ ಏರುತ್ತದೆ, ನಾಳಗಳು ಬಿಗಿಯುತ್ತವೆ, ಹದಿನೈದು ಸೆಕೆಂಡಿನಲ್ಲಿ ಎಲ್ಲ ಸರಿ. ಆ ದಾರಿಯ ಮ್ಯಾಪ್ ಮಾಡುವುದು ನನ್ನ ಪಿಎಚ್‌ಡಿ. ದಿನವಿಡೀ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತವರಲ್ಲಿ ಆ ದಾರಿ ಹೇಗಿರುತ್ತದೆ ಅಂತ.

ಅಪ್ಪ ತಾನೇ ಕೇಳಿದರು. "ನಲವತ್ತು ವರ್ಷ ಗುಂಡೀಲಿ ಕೂತಿವ್ನಿ. ನಾನು ಆಗಾಕಿಲ್ವಾ ಕಲೈ?"

ಆಗುತ್ತದೆ. ಅರವತ್ತನಾಲ್ಕು ವಯಸ್ಸು, ಲಿಮಿಟ್ ಒಳಗೇ.

(ಕನ್ನಡದಲ್ಲಿ ಬರೆಯುವುದು ಒಳ್ಳೆಯದು. ಮೈಸೂರಿನ ಎಂಎಸ್ಸಿಯಲ್ಲಿ ಕಲಿತ ಅಕ್ಷರ. ಲ್ಯಾಬಿನಲ್ಲಿ ಯಾರಿಗೂ ಓದಲು ಬರುವುದಿಲ್ಲ. ಮನೆಯಲ್ಲೂ ಅಷ್ಟೆ, ಕನ್ನಡ ಬರೀ ಮಾತಿಗೆ.)

8 ಫೆಬ್ರವರಿ, ಗುರುವಾರ

ಅಪ್ಪ ಮದುವೆಗೆ ಹೊರಟವರ ಹಾಗೆ ಬಂದರು. ತಾವೇ ನೇಯ್ದ ಪಟ್ಟೆ ಪಂಚೆ.

ಫಾರಂ ತಮಿಳಿನಲ್ಲಿದೆ, ಪ್ರಿಂಟ್ ಆದಂತೆಯೇ ಓದಬೇಕು — ಪ್ರೊಟೊಕಾಲ್. ಪ್ರಶ್ನೆ ಏಳು: "ಉಂಗಳುಕ್ಕು ರತ್ತಕ್ಕೊದಿಪ್ಪು ಇರುಕ್ಕಾ?" ಬಿಪಿ ಕಾಯಿಲೆಗೆ ತಮಿಳಿನಲ್ಲಿ ಅದೇ ಮಾತು, ರಕ್ತ ಕುದಿಯುವುದು.

ಅಪ್ಪ ನಕ್ಕರು. "ಕೊದಿಪ್ಪಾ? ನಂಗಾ? ನನ್ ರಕ್ತ ಯಾವತ್ತು ಕುದ್ದೈತೆ ತಾಯೀ? ಅದೆಲ್ಲ ನಿಮ್ಮವ್ವನ್ನ ಕೇಳು."

ಇಡೀ ಲ್ಯಾಬ್ ನಕ್ಕಿತು. ನಾನೂ. "ಇಲ್ಲ" ಅಂತ ಟಿಕ್ ಹಾಕಿದೆ. ಪಕ್ಕದಲ್ಲೇ ಸೂಚನೆ: ಇಲ್ಲ ಎಂದರೆ ಒಂಬತ್ತಕ್ಕೆ ಹೋಗಿ. ಹೋದೆ.

ಮಲಗಿದಾಗ ಬಿಪಿ 138. ನಿಂತ ಮೂರನೇ ನಿಮಿಷ 104. ಮೂವತ್ತನಾಲ್ಕು ಇಳಿತ, ನಾಡಿ ಏರಿದ್ದು ಬರೀ ಮೂರು. ಇಂಥದ್ದು ಪುಸ್ತಕದಲ್ಲಿ ಮಾತ್ರ ನೋಡಿದ್ದೆ. ಅಪ್ಪ ಮೇಜು ಹಿಡಿದುಕೊಂಡು ನಿಂತಿದ್ದರು. ನಾನು ಸ್ಕ್ರೀನ್ ನೋಡುತ್ತಿದ್ದೆ.

9 ಫೆಬ್ರವರಿ, ಶುಕ್ರವಾರ

ನನ್ನ ಗೈಡ್ ಸುಗುಣಾ ಮೇಡಂಗೆ ಖುಷಿಯೋ ಖುಷಿ. "ನರದ ದಾರಿಯೇ ಕಡಿದಿದೆ! ಕಲೈವಾಣಿ, ಇದು ನಿನ್ನ ಥೀಸಿಸ್‌ನ ನಡುಮನೆ." ಮುಂದಿನ ಗುರುವಾರ ಮತ್ತೆ ತೆಗೆಯಬೇಕು. ನಿಯಮದ ಪ್ರಕಾರ ಇಪ್ಪತ್ತಕ್ಕಿಂತ ಹೆಚ್ಚು ಇಳಿದರೆ ಅವತ್ತೇ ಡಾಕ್ಟರಿಗೆ ಪತ್ರ ಕೊಡಬೇಕು. ಕೊಡಬೇಕಾದವಳು ನಾನು.

ಎರಡನೇ ರೀಡಿಂಗ್ ಆದ ಮೇಲೆ ಕೊಟ್ಟರಾಯಿತು.

12 ಫೆಬ್ರವರಿ, ಸೋಮವಾರ

ಅಪ್ಪ ಏಳುವಾಗ ಮಗ್ಗದ ಕಂಬ ಹಿಡಿದುಕೊಳ್ಳುತ್ತಾರೆ ಅಂತ ಅವ್ವ. ಪತ್ರ — ನಾಳೆ.

29 ಫೆಬ್ರವರಿ, ಗುರುವಾರ. ಮಧ್ಯಾಹ್ನ

ಅಪ್ಪ ಹೋಗಿ ಹದಿನಾರು ದಿನ.

ಹದಿಮೂರನೇ ತಾರೀಕು ಬೆಳಿಗ್ಗೆ ಹತ್ತೂವರೆ. ಅಪ್ಪ ನೀರು ಕುಡಿಯಲು ಮಗ್ಗದ ಗುಂಡಿಯಿಂದ ಎದ್ದರು. ಬಿದ್ದರು. ಅಂಚಿನ ಕಲ್ಲಿಗೆ ತಲೆ. ನಾನು ಆಗ ಲ್ಯಾಬಿನಲ್ಲಿ, ಅವರದೇ ಗ್ರಾಫಿಗೆ ಬಣ್ಣ ಹಾಕುತ್ತಿದ್ದೆ. ನೀಲಿ ಬೇಡ ಅಂತ ಹಸಿರು.

ಅಳು ಬರುತ್ತಿಲ್ಲ. ಊಟ ಸೇರುತ್ತದೆ. ನಿದ್ದೆಯೂ ಬರುತ್ತದೆ. ನಾಚಿಕೆಯಾಗುತ್ತದೆ.

ಇವತ್ತು ಅವ್ವ ಅಪ್ಪನ ಲಾಳಿ ಡಬ್ಬ ತೆಗೆದಳು. ಲಾಳಿಗಳ ಕೆಳಗೆ ಮಾತ್ರೆಯ ಖಾಲಿ ಪಟ್ಟಿಗಳು. ಏಳು. ಹೆಸರು ಓದಿದೆ. ಬಿಪಿ ಮಾತ್ರೆ, ನಾಡಿಯನ್ನೂ ತಡೆಹಿಡಿಯುವಂಥದ್ದು.

"ಅವ್ವಾ, ಇದು?"

"ತಲೆಸುತ್ತಿನ ಮಾತ್ರೆ ಕಣಮ್ಮ. ಎರಡು ವರ್ಸ ಆಯ್ತು. ತಲೆ ಸುತ್ತತೈತೆ ಅಂತ ಆಸ್ಪತ್ರೆಗೆ ಓಗಿದ್ರು, ದಿನಾ ಒಂದು ನುಂಗು ಅಂತ ಕೊಟ್ರು."

"ದಿನಾ ಒಂದೇನಾ?"

ಅವ್ವ ಸೆರಗಿನ ತುದಿ ಸುತ್ತುತ್ತಾ ಕೂತಳು. "ಸಂಕ್ರಾಂತಿ ಆದ್ಮ್ಯಾಲೆ ಎದ್ರೆ ಸಾಕು ಸುತ್ತು ಅಂದ್ರು. ಅಂಗಾದ್ರೆ ಇನ್ನೊಂದು ನುಂಗು ಅಂತ ನಾನೇ ಅಂದೆ. ನಾನೇ ಅಂದೆ ಕಲೈ."

ಮಾತ್ರೆಯಿಂದ ಸುತ್ತು. ಸುತ್ತಿಗೆ ಮತ್ತೊಂದು ಮಾತ್ರೆ. ಅದರಿಂದ ಮತ್ತಷ್ಟು ಸುತ್ತು. ನರ ಎಲ್ಲೂ ಕಡಿದಿರಲಿಲ್ಲ. ದಿನಾ ಏನು ಮಾತ್ರೆ ನುಂಗುತ್ತೀರಿ ಎನ್ನುವುದು ಪ್ರಶ್ನೆ ಎಂಟು. ನಾನು ಒಂಬತ್ತಕ್ಕೆ ಹಾರಿದ್ದೆ. ಕುದಿಯದ ಮನುಷ್ಯ, ಕುದಿಯುವುದಿಲ್ಲ ಅಂದರು. ಅವರು ಹೇಳಿದ್ದು ನಿಜವೇ. ಮನೆಯ ಮಾತಿನಲ್ಲಿ ಒಂದು ಸಲ ಕೇಳಿದ್ದರೆ ಡಬ್ಬವನ್ನೇ ತಂದು ಮುಂದಿಡುತ್ತಿದ್ದರು. ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ಆ ದೀಪ ನಾನೇ.

ತನ್ನಿಂದಲೇ ಆಯಿತು ಅಂತ ಅವ್ವ ಅಂದುಕೊಂಡಿದ್ದಾಳೆ. ಮೂವತ್ತನಾಲ್ಕರ ಸಂಗತಿ ಅವಳಿಗೆ ಹೇಳಿಲ್ಲ. ಐದು ದಿನ ಮೊದಲೇ ನನಗೆ ಗೊತ್ತಿತ್ತು ಅಂತ ಹೇಳಬೇಕು.

2 ಮಾರ್ಚ್, ಶನಿವಾರ

ಲ್ಯಾಬಿಗೆ ಹೋದೆ. ಗೋಡೆಯ ಮೇಲೆ ಪೋಸ್ಟರ್, ನಟ್ಟನಡುವೆ ನಂ. 41ರ, ಅಪ್ಪನ ಹಸಿರು ಗೆರೆ. ಮೇಡಂ ಮುಂದೆ ಖಾಲಿ ಪಟ್ಟಿಗಳನ್ನಿಟ್ಟೆ. ಒಂದೊಂದನ್ನೇ ತಿರುಗಿಸಿ ಹೆಸರು ಓದಿದರು.

"ನೀನು ಪ್ರಿಂಟ್ ಆಗಿದ್ದನ್ನೇ ಓದಿದ್ದೀಯ. ಪ್ರೊಟೊಕಾಲ್ ಪ್ರಕಾರ ನಿನ್ನ ತಪ್ಪಿಲ್ಲಮ್ಮ. ಪತ್ರ ಕೊಟ್ಟೆ ತಾನೇ?"

"ಇಲ್ಲ ಮೇಡಂ."

ಕನ್ನಡಕ ತೆಗೆದು ಒರೆಸಿದರು. ಎದ್ದುಹೋಗಿ ಪೋಸ್ಟರನ್ನು ತಾವೇ ಕಿತ್ತರು. ನಲವತ್ತು ಜನರಿಗೂ ಫೋನ್ ಮಾಡಿ ಎಂಟನೇ ಪ್ರಶ್ನೆ ಕೇಳು, ಅವರವರ ಮನೆಮಾತಿನಲ್ಲಿ, ಅಂದರು.

4 ಮಾರ್ಚ್, ಸೋಮವಾರ. ಮಧ್ಯಾಹ್ನ 3

ಮನೆಯಿಂದಲೇ ಫೋನ್. "ದಿನಾ ಏನಾದ್ರೂ ಮಾತ್ರೆ ನುಂಗ್ತೀರಾ? ಯಾತಕ್ಕಾದ್ರೂ ಸರಿ."

ಕೊದಿಪ್ಪು ಇಲ್ಲ ಅಂದವರಲ್ಲಿ ಇಲ್ಲಿಯವರೆಗೆ ಹನ್ನೊಂದು ಜನ ಬಿಪಿ ಮಾತ್ರೆ ನುಂಗುತ್ತಾರೆ. ಪಾಲಕೋಡಿನ ನಾರಪ್ಪ: "ಕೊದಿಪ್ಪು ನನ್ನ ಎಂಡ್ರು ಸತ್ತಾಗ್ಲೇ ಓಯ್ತಮ್ಮ. ಈಗಿನ್ಯಾರ ಮ್ಯಾಲೆ ಕ್ವಾಪ?" ಹನ್ನೊಂದು ಗೆರೆ ಅಳಿಸಬೇಕು. ಮ್ಯಾಪಿನ ತುಂಬಾ ತೂತು.

ಅವರಲ್ಲಿ ಇಬ್ಬರಿಗೆ ನಿಂತಾಗ ಇಪ್ಪತ್ತು ದಾಟಿ ಇಳಿದಿದೆ. ಇಬ್ಬರಿಗೂ ಇವತ್ತೇ ಡಾಕ್ಟರಿಗೆ ತೋರಿಸಿ ಅಂದೆ. ಅವತ್ತೇ ಕೊಡಬೇಕಿದ್ದ ಪತ್ರವನ್ನೂ ಕಳಿಸಿದೆ.

ಸಂಜೆ 4.20

ಮೂವತ್ತೊಂಬತ್ತು ಆಯಿತು. ನಲವತ್ತು ಆಯಿತು. ಬೆರಳು ನಿಲ್ಲಲಿಲ್ಲ, ಮುಂದಿನ ನಂಬರನ್ನೂ ಒತ್ತಿತು.

ಗೋಡೆಯಾಚೆ, ಮಗ್ಗದ ಕೋಣೆಯಲ್ಲಿ ಅಪ್ಪನ ಫೋನ್ ಬಡಿದುಕೊಂಡಿತು. ಅವ್ವ ದಿನಾ ಅದಕ್ಕೆ ಚಾರ್ಜ್ ಹಾಕುತ್ತಾಳೆ ಅಂತ ನನಗೆ ಗೊತ್ತಿರಲಿಲ್ಲ.

"ಅಲೋ, ಯಾರು? ಅವ್ರು ಇಲ್ಲಮ್ಮ."

"ಅವ್ವಾ. ನಾನು."

"ಏನೇ, ಮನೆ ಒಳಗಿದ್ಕಂಡು ಪೋನಾ?"

ಇಟ್ಟುಬಿಡಬಹುದಿತ್ತು. ಇಡಲಿಲ್ಲ. ಮುಖ ಕಾಣದಿದ್ದರೆ ಹೇಳಬಹುದು ಅನ್ನಿಸಿತು.

"ಅವ್ವಾ, ಅವತ್ತು ಲ್ಯಾಬಲ್ಲಿ ಅಪ್ಪ ನಿಂತಾಗ ಬಿಪಿ ಬಿದ್ದೋಗಿತ್ತು. ನಂಗೆ ಗೊತ್ತಿತ್ತು. ಡಾಕ್ಟ್ರಿಗೆ ಬರೀಬೇಕಿತ್ತು, ಬರೀಲಿಲ್ಲ. ನಿನ್ನಿಂದ ಅಲ್ಲ ಅವ್ವಾ."

ಎಡಗೈಯಲ್ಲಿ ಫೋನ್, ಬಲಗೈ ಇದನ್ನು ಬರೆಯುತ್ತಿದೆ.

ಅವ್ವ ಕೂತಿದ್ದು ಮಗ್ಗದ ಅಂಚಿನಲ್ಲಿರಬೇಕು. ಎದ್ದಳು. ಬಳೆ ಸದ್ದು. ಮೆಲ್ಲಗೆ ಏಳವ್ವಾ, ಕಂಬ ಹಿಡ್ಕೊ ಅಂದೆ. ನನ್ನ ಕೋಣೆಯ ಬಾಗಿಲ ಹತ್ತಿರ ಬಂದಳು. ನಿಂತಳು. ಚಿಲಕ ತೆಗೆಯುತ್ತಿ—