ನನ್ನ ಮೊಬೈಲು, ಸರ್ಕಾರದ ನೆಟ್ಟು

ನವೆಂಬರ್ 3, ಸೋಮವಾರ
ಬೆಳಿಗ್ಗೆ 10.10

ಪ್ರಾರ್ಥನೆ ಮುಗಿಯಿತು. ಹಾಟ್‌ಸ್ಪಾಟ್ ಆನ್. ಹಾಜರಿ ಹೋಯಿತು, ಬಿಸಿಯೂಟದ ಲೆಕ್ಕ ಹೋಯಿತು, ಮೊಟ್ಟೆ ಎಷ್ಟು ಬಾಳೆಹಣ್ಣು ಎಷ್ಟು, ಅದೂ ಹೋಯಿತು. ಹೆಡ್‌ಮಾಸ್ತರ್ ಮಹಾಂತಯ್ಯನವರು ಎರಡು ಸುತ್ತೋಲೆ ಇಳಿಸಿಕೊಂಡರು. ಉಳಿದಿಬ್ಬರು ಟೀಚರ್‌ಗಳು ಅಂಕ ಏರಿಸಿದರು. ಎಲ್ಲ ನನ್ನ ಮೊಬೈಲಿನಿಂದ. ಬಸ್ಸು ಸುಳ್ಳ ಗ್ರಾಮ ದಾಟಿದ ಮೇಲೆ ಈ ಊರಿನಲ್ಲಿ ನನ್ನ ಕಂಪನಿಯ ಸಿಗ್ನಲ್ ಒಂದೇ ಹಿಡಿಯುತ್ತದೆ. ಬೇರೆಯವರ ಮೊಬೈಲಿಗೆ ಒಂದು ಕಡ್ಡಿಯೂ ಬರುವುದಿಲ್ಲ. ಹಾಗಾಗಿ ಯಾಸ್ಮಿನ ಟೀಚರ್ ಎಂದರೆ ವಿಜ್ಞಾನವೂ ಹೌದು, ಟವರೂ ಹೌದು.

ಪಕ್ಕದ ಕೋಣೆಯಲ್ಲಿ ಆರು ಕಂಪ್ಯೂಟರ್. ಸರ್ಕಾರ ಕೊಟ್ಟು ಎರಡು ವರ್ಷ. ಹಳೆಯ ಪರದೆ ಹೊದ್ದು ಕೂತಿವೆ. ಕರೆಂಟ್ ಇದೆ, ಲೈನ್ ಇಲ್ಲ. ಆರಕ್ಕೂ ನನ್ನ ಮೊಬೈಲ್ ಸಾಲದು — ಹಚ್ಚಿ ನೋಡಿದ್ದೇನೆ. ಒಂದು ವಿಡಿಯೋ ಗಿರಗಿರ ತಿರುಗುವಷ್ಟರಲ್ಲಿ ಪೀರಿಯಡ್ಡೇ ಮುಗಿಯಿತು.

ಇವತ್ತಿನ ಸುದ್ದಿ: ನೆಟ್ ಇಲ್ಲದ ಶಾಲೆಗಳಿಗೆ ಕೇಬಲ್ ಬರುತ್ತದಂತೆ. ತಿಂಗಳ ಬಿಲ್ಲೂ ಸರ್ಕಾರದ್ದೇ. ಎಂಟನೆಯ ತರಗತಿಯ ಶಾಂಭವಿಗೆ ಅದು ಹೇಗೆ ಗೊತ್ತಾಯಿತೋ, ಓಡಿಬಂದಳು. ನಮ್ಮ ಬ್ಯಾಚಿಗೇ ಬರುತ್ತದೆಯೇ ಎಂದು ಕೇಳಿದಳು. ನಮ್ಮಲ್ಲಿ ಎಂಟರವರೆಗೆ ಮಾತ್ರ, ಬರುವ ವರ್ಷ ಅವಳು ಇಲ್ಲಿರುವುದಿಲ್ಲ. ಬರುತ್ತದೆ ಅಂದುಬಿಟ್ಟೆ.

ನವೆಂಬರ್ 6, ಗುರುವಾರ

ಪಟ್ಟಿ ಬಂತು. ನಮ್ಮ ಹೆಸರಿಲ್ಲ. ಕೈಬಿಟ್ಟ ಶಾಲೆಗಳ ಪಟ್ಟಿಯಲ್ಲಿದೆ; ಕಾರಣದ ಕಾಲಮ್ಮಿನಲ್ಲಿ — ‘ಇಂಟರ್ನೆಟ್ ಲಭ್ಯ.’

ಯಾರು ಬರೆದದ್ದು ಎಂದು ಕೇಳಿದೆ. ಹೆಡ್‌ಮಾಸ್ತರರು ಕನ್ನಡಕ ಒರೆಸುತ್ತ ಕೂತರು. ಒರೆಸಿದ್ದನ್ನೇ ಒರೆಸಿದರು. ಆಗ ಗೊತ್ತಾಯಿತು.

ಜೂನ್‌ನಲ್ಲಿ ಬಂದ ಆನ್‌ಲೈನ್ ಫಾರ್ಮು. ಇದೆ, ಇಲ್ಲ — ಎರಡೇ ಗುಂಡಿ. ಮಹಾಂತಯ್ಯನವರ ಮನೆಯಲ್ಲಿ ‘ಇಲ್ಲ’ ಎಂಬ ಮಾತೇ ಆಡುವುದಿಲ್ಲ. ಅಕ್ಕಿ ತೀರಿದರೆ ‘ಅಕ್ಕಿ ಹೆಚ್ಚಾಗ್ಯಾವ’ ಅನ್ನುತ್ತಾರೆ. ಉಪ್ಪಿಗೂ ಹಾಗೇ, ಎಣ್ಣೆಗೂ ಹಾಗೇ. ನಮ್ಮ ಶಾಲೆಯಲ್ಲಿ ಚಾಕ್‌ಪೀಸ್ ಕೂಡ ಖಾಲಿಯಾಗುವುದಿಲ್ಲ, ಹೆಚ್ಚಾಗುತ್ತದೆ. ಇಷ್ಟು ವರ್ಷ ನಗುತ್ತಿದ್ದೆ. ಇವತ್ತು ನಗು ಬರಲಿಲ್ಲ.

“ಫಾರ್ಮು ನಿಮ್ಮ ಮೊಬೈಲಿನ್ಯಾಗನ ಹೊಂಟಿತ್ತಲ್ರಿ ಟೀಚರ,” ಅಂದರು. “ನೆಟ್‌ನ್ಯಾಗ ಕುಂತು ನೆಟ್ ಇಲ್ಲ ಅಂತ ಹ್ಯಾಂಗ ಬರೀಲಿ? ಮ್ಯಾಲೆ, ವಿದ್ಯಾ ಕಲಿಸೋ ಜಾಗಾದಾಗ ಇಲ್ಲ ಅನಬಾರದ್ರಿ.”

ಮೈ ಉರಿದುಹೋಯಿತು. ಅವರ ಮೇಲೆ ಅರ್ಧ, ನನ್ನ ಮೇಲೆ ಅರ್ಧ. ನಾನು ಹಚ್ಚಿ ಕೊಟ್ಟ ಹಾಟ್‌ಸ್ಪಾಟೇ ನನ್ನ ಮಕ್ಕಳ ಲೈನ್ ಕತ್ತರಿಸಿದೆ.

ನವೆಂಬರ್ 7, ಶುಕ್ರವಾರ
ಬಸ್ಸಿನಲ್ಲಿ, ಸಂಜೆ

ಬ್ಲಾಕ್ ಆಫೀಸಿಗೆ ಹೋಗಿದ್ದೆ. ಕಂಪ್ಯೂಟರ್ ಕೆಲಸ ನೋಡುವ ಹುಡುಗ ಆಶಿಷ್, ಪಾಪ ಒಳ್ಳೆಯವನು, ಕುರ್ಚಿ ಕೊಟ್ಟ. ತಿದ್ದುಪಡಿಗೆ 25ರವರೆಗೆ ಸಮಯವಿದೆ. ಆದರೆ ಶಿಕ್ಷಣಾಧಿಕಾರಿ ಸಾಹೇಬರು ಶಾಲೆಗೇ ಬಂದು ಆ್ಯಪಿನಲ್ಲಿ ತಪಾಸಣೆ ಮಾಡಬೇಕು. ನೆಟ್ ಇದೆಯೋ ಇಲ್ಲವೋ ಎಂಬುದನ್ನು ಆ್ಯಪೇ ಅಳೆಯುತ್ತದೆ. ಆಮೇಲೆ ಪರದೆಯ ಮೇಲೆ ನಮ್ಮ ಶಾಲೆಯ ದಾಖಲೆ ತೋರಿಸಿದ. ದಿನಾ ಹತ್ತೂಕಾಲರೊಳಗೆ ಹಾಜರಿ. ಇಡೀ ತಾಲೂಕಿನಲ್ಲಿ ನಾವೇ ಮೊದಲು.

“ಇಷ್ಟ ಛಲೋ ಕಳಸ್ತೀರಿ ಮೇಡಮ್. ನೆಟ್ ಇಲ್ಲ ಅಂದ್ರ ಯಾರ್ ನಂಬ್ತಾರ ಹೇಳ್ರಿ?”

ಖರೇ. ಯಾರೂ ನಂಬುವುದಿಲ್ಲ. ನಂಬುವ ಹಾಗೆ ಮಾಡುತ್ತೇನೆ. ಸೋಮವಾರದಿಂದ ಬಂದ್.

ನವೆಂಬರ್ 10, ಸೋಮವಾರ

ಹಾಟ್‌ಸ್ಪಾಟ್ ಆಫ್. ಕಿಟಕಿಯ ಹತ್ತಿರ ಮೂವರೂ ಮೊಬೈಲ್ ಹಿಡಿದು ನಿಂತಿದ್ದರು. ನಾನು ಕೆಂಪು ರಟ್ಟಿನ ಹಾಜರಿ ಪುಸ್ತಕ ತೆಗೆದೆ. ಹೆಸರು ಕೂಗಿ ಬರೆದೆ. ಬಿಸಿಯೂಟಕ್ಕೆ ಏನೂ ತೊಂದರೆ ಆಗಲಿಲ್ಲ — ದಾನವ್ವ ಆ್ಯಪ್ ನೋಡಿ ಅಡುಗೆ ಮಾಡುವವಳಲ್ಲ, ತಲೆ ಎಣಿಸಿ ಅಕ್ಕಿ ಹಾಕುವವಳು.

ಆಫೀಸಿನಿಂದ ನಾಲ್ಕು ಫೋನ್. ನಾಲ್ಕಕ್ಕೂ ಒಂದೇ ಉತ್ತರ. ಶಾಲೆಯಲ್ಲಿ ನೆಟ್ ಇಲ್ಲ ಸರ್. ಇಷ್ಟು ದಿನ ಹೇಗೆ ಬರುತ್ತಿತ್ತು? ನನ್ನದನ್ನು ಕೊಡುತ್ತಿದ್ದೆ ಸರ್. ಈಗ ಕೊಡುತ್ತಿಲ್ಲ.

ಮನೆಗೆ ಬಂದು ಹೇಳಿದೆ. ನನ್ನ ಗಂಡ ಅಯಾಜ ಗ್ಯಾರೇಜಿನಿಂದ ಆಗಷ್ಟೇ ಬಂದಿದ್ದ, ಕೈ ತೊಳೆಯುತ್ತಿದ್ದ. ನೌಕರಿ ಹೋದರೆ ನಮ್ಮ ಕಮರಿಪೇಟೆಯ ತುಂಬ ಸ್ಕೂಟರ್‌ಗಳಿವೆ, ಪಂಕ್ಚರ್ ತೆಗೆಯುವುದು ಕಲಿಸುತ್ತೇನೆ ಅಂದ. ನಗುತ್ತಲೇ ಅಂದ. ಆಮೇಲೆ ಅರ್ಧ ಊಟಕ್ಕೇ ಎದ್ದ.

ನವೆಂಬರ್ 17, ಸೋಮವಾರ

ವಾರ ಆಯಿತು ಬರೆಯದೆ. ನೋಟಿಸ್ ಬಂದಿದೆ. ವಾಟ್ಸ್ಯಾಪಿನಲ್ಲಿ! ‘ಕರ್ತವ್ಯಲೋಪ... ಮೂರು ದಿನದೊಳಗೆ ವಿವರಣೆ...’ ನನ್ನ ಹೆಸರಿಗೊಂದು, ಹೆಡ್‌ಮಾಸ್ತರರ ಹೆಸರಿಗೊಂದು.

ನನ್ನದಕ್ಕೆ ಹೆದರಲಿಲ್ಲ. ಅವರದಕ್ಕೆ ಹೆದರಿದೆ. ಮಾರ್ಚ್‌ನಲ್ಲಿ ನಿವೃತ್ತಿ. ಮೂವತ್ತೊಂದು ವರ್ಷ ಯಾರಿಗೂ ಎದುರು ಮಾತಾಡದ ಮನುಷ್ಯ, ನನ್ನಿಂದಾಗಿ ಪೆನ್ಶನ್ನಿನ ಕಾಗದ ಹಿಡಿದು ಅಲೆಯಬೇಕೇ? ಕೋಣೆಗೆ ಹೋಗಿ ಕೇಳಿದೆ, ನೀವು ಹೇಳಿದರೆ ಈಗಲೇ ಆನ್ ಮಾಡುತ್ತೇನೆ ಸರ್. ಅವರು ಎದ್ದು ಎಂಟನೆಯ ತರಗತಿಗೆ ಹೋಗಿ ಪಾಠ ಶುರು ಮಾಡಿದರು. ಅದು ಹೌದೋ ಅಲ್ಲವೋ, ನನಗೆ ತಿಳಿಯಲಿಲ್ಲ. ಅಳು ಬಂತು. ಸಿಟ್ಟಿಗೂ ನನಗೆ ಅಳುವೇ ಬರುತ್ತದೆ, ಏನು ಮಾಡುವುದು.

ಉತ್ತರ ಪೆನ್ನಿನಲ್ಲಿ ಬರೆದೆ. ‘ಮೊಬೈಲ್ ನನ್ನದು, ರೀಚಾರ್ಜ್ ನನ್ನದು. ಶಾಲೆಗೆ ಸರ್ಕಾರ ಕೊಟ್ಟ ನೆಟ್ಟಿನಲ್ಲಿ ನಡೆಯುತ್ತಿದ್ದ ಯಾವ ಕೆಲಸವನ್ನು ನಾನು ನಿಲ್ಲಿಸಿದ್ದೇನೆ ಎಂದು ದಯವಿಟ್ಟು ತಿಳಿಸಬೇಕು.’ ನಾಳೆ ಕೈಯಾರೆ ಕೊಟ್ಟು, ಸ್ವೀಕರಿಸಿದ್ದಕ್ಕೆ ಠಸ್ಸೆ ಹಾಕಿಸಿಕೊಂಡೇ ಬರುವುದು.

ನವೆಂಬರ್ 24, ಸೋಮವಾರ

ಬಂದರು! ಸಾಹೇಬರು, ಜೊತೆಗೆ ಆಶಿಷ್. ಕೊನೆಯ ದಿನಕ್ಕೆ ಒಂದು ದಿನ ಮೊದಲು. ಎಲ್ಲವನ್ನೂ ಇದ್ದದ್ದು ಇದ್ದಂತೆ ಬರೆದಿಡುತ್ತೇನೆ.

ಪರದೆ ಸರಿಸಿ ಆರು ಕಂಪ್ಯೂಟರ್ ನೋಡಿದರು. ಫೋಟೋ ತೆಗೆದರು. ಆ್ಯಪ್ ತೆರೆದರು. ಅದು ಮುಂದೆ ಹೋಗಲಿಲ್ಲ. ಸಾಹೇಬರ ಮೊಬೈಲಿಗೂ ಸಿಗ್ನಲ್ ಇಲ್ಲ, ಆಶಿಷ್‌ನದಕ್ಕೂ ಇಲ್ಲ. ಶಾಲೆಯ ಗೇಟು ದಾಟಿದರೆ ಆ್ಯಪ್ ‘ಸ್ಥಳ ತಪ್ಪಾಗಿದೆ’ ಅನ್ನುತ್ತದೆ. ಸಾಹೇಬರು ಅಂಗಳದಲ್ಲಿ ಕೈ ಎತ್ತಿ ಒಂದು ಸುತ್ತು ಬಂದರು. ಮಕ್ಕಳು ಬಾಗಿಲಿಗೆ ಬಂದು ನಿಂತು ನೋಡುತ್ತಿದ್ದರು.

“ಮೇಡಮ್, ಎರಡ ನಿಮಿಷ ನಿಮ್ಮ ಹಾಟ್‌ಸ್ಪಾಟ್ ಹಚ್ಚರಿ.”

ಹಚ್ಚಿದರೆ ಆ್ಯಪ್ ಅಳೆಯುತ್ತದೆ. ಅಳೆದು ‘ಇದೆ’ ಅಂತ ಬರೆದುಕೊಳ್ಳುತ್ತದೆ. ಆಮೇಲೆ ಯಾರು ಬಂದು ಬೇಡಿಕೊಂಡರೂ ಅಷ್ಟೇ. ಆಗುವುದಿಲ್ಲ ಅಂದೆ. ನೆಟ್ ಇಲ್ಲ ಎಂದು ಹೇಳುವುದಕ್ಕೂ ನನ್ನ ನೆಟ್ಟೇ ಬೇಕೇ ಸರ್ ಎಂದು ಕೇಳಿದೆ. ಸಾಹೇಬರ ಮುಖ ಕೆಂಪಾಯಿತು. ಇದು ಆದೇಶ ಎಂದರು. ನಾನು ಮೊಬೈಲ್ ಸ್ವಿಚ್ ಆಫ್ ಮಾಡಿ ಮೇಜಿನ ಮೇಲಿಟ್ಟೆ. ಅವರು ಹೆಡ್‌ಮಾಸ್ತರರ ಕಡೆ ತಿರುಗಿ, ನಿಮ್ಮ ಶಾಲೆಯಲ್ಲಿ ನೆಟ್ ಇದೆಯೋ ಇಲ್ಲವೋ, ನೀವಾದರೂ ಹೇಳಿ ಅಂದರು.

ಮಹಾಂತಯ್ಯನವರು ಎದ್ದು ನಿಂತರು. ತುಟಿಗಳು ಎರಡು ಸಲ ತೆರೆದು ಮುಚ್ಚಿದವು. ಕಷ್ಟ ಕಣ್ಣಿಗೆ ಕಾಣುತ್ತಿತ್ತು.

“ಇಲ್ರಿ ಸಾಹೇಬ್ರ,” ಅಂದರು. “ನಮ್ಮ ಸಾಲ್ಯಾಗ ನೆಟ್ ಇಲ್ಲ. ಜೂನ್‌ನ್ಯಾಗ ಐತಿ ಅಂತ ಬರದಾಂವ ನಾನು. ತಪ್ಪು ನಂದು. ನೋಟಿಸ್ ನನ್ನೊಬ್ಬಗ ಕೊಡ್ರಿ.”

ನನ್ನ ಮೊಬೈಲ್ ಎತ್ತಿಕೊಂಡು, ತಮ್ಮದರ ಜೊತೆಗೆ ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. ಸಾಹೇಬರ ಮುಂದೆ ಒಂದು ಬಿಳಿ ಹಾಳೆ, ಪೆನ್ನು ಇಟ್ಟರು. ಸಾಹೇಬರು ಮತ್ತೊಮ್ಮೆ ತಮ್ಮ ಮೊಬೈಲ್ ಎತ್ತಿ ನೋಡಿ ಕೆಳಗಿಟ್ಟರು. ಕೊನೆಗೆ ಕೈಯಿಂದಲೇ ಬರೆದರು, ಸಹಿ ಹಾಕಿದರು. ಹೋಗುವಾಗ ನನ್ನ ಕಡೆ ನೋಡಲಿಲ್ಲ.

ನನಗೆ ಕುಣಿಯಬೇಕು ಅನ್ನಿಸಿತು. ಹೆಡ್‌ಮಾಸ್ತರರು ಮಾತ್ರ ಎರಡು ಗ್ಲಾಸ್ ನೀರು ಕುಡಿದರು.

ನವೆಂಬರ್ 26, ಬುಧವಾರ
ಬೆಳಿಗ್ಗೆ 10.05

ನಿನ್ನೆ ಸಂಜೆ ಆಶಿಷ್ ಫೋನ್ ಮಾಡಿದ್ದ. ಹಾಳೆ ಸ್ಕ್ಯಾನ್ ಆಯಿತು, ಪಟ್ಟಿಯಲ್ಲಿ ನಮ್ಮ ಹೆಸರು ಸೇರಿತು. ಎರಡು ಸಲ ಓದಿಸಿ ಕೇಳಿದೆ. ಸೇರಿದೆ. ಆದರೆ ಲೈನ್ ಯಾವಾಗ? ಫೆಬ್ರವರಿ ಅನ್ನುತ್ತಾರಂತೆ, ಏಪ್ರಿಲ್ ಅಂತಲೂ ಅನ್ನುತ್ತಾರಂತೆ. ಅಲ್ಲಿಯವರೆಗೆ ಮೊದಲಿನ ಹಾಗೆ ಅಡ್ಜಸ್ಟ್ ಮಾಡಿಕೊಳ್ಳಿ, ನೋಟಿಸ್ ಕೈಬಿಡುತ್ತೇವೆ — ಸಾಹೇಬರ ಮಾತು. ಬೆಳಿಗ್ಗೆ ಹೇಳುತ್ತೇನೆ ಅಂದಿದ್ದೆ.

ಏಪ್ರಿಲ್ ಅಂದರೆ ಶಾಂಭವಿಯ ಬ್ಯಾಚ್ ಗೇಟು ದಾಟಿರುತ್ತದೆ. ನಾನು ಅಡ್ಜಸ್ಟ್ ಮಾಡಿಕೊಂಡಷ್ಟೂ ಅವರಿಗೆ ಅವಸರವಿರುವುದಿಲ್ಲ. ಅಷ್ಟು ತಿಳಿಯದವಳೇ ನಾನು?

ಎಂಟನೆಯ ತರಗತಿ. ಇಪ್ಪತ್ತಾರಕ್ಕೆ ಇಪ್ಪತ್ನಾಲ್ಕು. ಕೆಂಪು ಪುಸ್ತಕದಲ್ಲಿ ಬರೆದಾಯಿತು. ಫೋನ್ ಹೊಡೆದುಕೊಳ್ಳುತ್ತಿದೆ. ಮೂರನೆಯ ಸಲ. ಎತ್ತುತ್ತೇನೆ, ಹೆದರಿಕೆ ಏನಿದೆ. ಹೇಳುವುದು ಇಷ್ಟೇ — ಸರ್, ಹಾಜರಿ ಇಲ್ಲಿ ತಯಾರಿದೆ, ಕೇಬಲ್‌ನವರನ್ನು ಕಳಿಸಿ, ಅವರು ಎಳೆದ ಲೈನಿನಲ್ಲೇ ಮೊದಲು ಇದನ್ನು ಕಳಿಸುತ್ತೇನೆ.