ಈ ಸಲ ನಿನ್ನ ರಕ್ತ ಬೇಡ

ಬೇಕರಿಯ ಹಿಂದಿನ ಕೋಣೆ,
ನವೆಂಬರ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯೋ? ಸೊಂಟನೋವು ಕಡಿಮೆಯಾಯಿತಾ? ಅಮ್ಮ ಹೊಲಿದು ಕೊಟ್ಟ ದಿಂಬನ್ನು ಲಾರಿಯ ಸೀಟಿನಲ್ಲಿ ಬೆನ್ನಿಗೆ ಇಟ್ಟುಕೊಳ್ಳುತ್ತಿದ್ದೀಯೋ, ಇಲ್ಲಾ ಹಿಂದೆ ಎಲ್ಲೋ ಎಸೆದಿದ್ದೀಯೋ? ಹೊತ್ತಿಗೆ ಸರಿಯಾಗಿ ಉಣ್ಣು. ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ನಾನು ಮೊದಲಿನ ಹಾಗೆಯೇ ಬೇಕರಿಯ ಹಿಂದುಗಡೆ ಕೂತು ಬ್ರೆಡ್ಡು ಕಟ್ಟುತ್ತಿದ್ದೇನೆ. ಗಿರಾಕಿಗಳ ಜೊತೆ ಮಾತಾಡುವುದು ನನ್ನಿಂದ ಆಗದ ಕೆಲಸ ಎಂಬುದು ಬೇಕರಿಯ ಯಜಮಾನರಿಗೂ ಈಗ ಒಗ್ಗಿಹೋಗಿದೆ.

ಮನೆಯಿಂದ ಕಾಗದ ಬಂದರೆ ನಿನ್ನ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎಂದು ನನಗೆ ಗೊತ್ತು. ಅಪ್ಪನ ನಂಬರು ಕಂಡರೆ ನೀನು ಫೋನು ಎತ್ತುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಈ ಸಲ ನಿನ್ನ ರಕ್ತ ಯಾರಿಗೂ ಬೇಡ. ಅಂಗಿಯ ತೋಳು ಮಡಚುವ ಕೆಲಸವಿಲ್ಲ. ಧೈರ್ಯವಾಗಿ ಮುಂದೆ ಓದು.

ನನ್ನ ಕಾಯಿಲೆಗೆ ಹೊಸ ಚಿಕಿತ್ಸೆ ಬಂದಿದೆ. ಕೂಸಾಗಿದ್ದಾಗಿನಿಂದ ತಿಂಗಳು ತಿಂಗಳೂ ಬೇರೆಯವರ ರಕ್ತ ಏರಿಸಿಕೊಂಡು ಬದುಕಿದವಳು ನಾನು. ಶಾಲೆ ನಾಲ್ಕನೇ ತರಗತಿಗೇ ನಿಂತದ್ದೂ ಅದರಿಂದಲೇ. ಯಾರದಾದರೂ ಹೊಂದುವ ಮೂಳೆಮಜ್ಜೆ ಸಿಕ್ಕರೆ ಮಾತ್ರ ಗುಣ ಎಂದಿದ್ದರಲ್ಲ, ಈಗ ಬೇರೆಯವರದೇ ಬೇಡವಂತೆ. ನನ್ನ ಮಜ್ಜೆಯ ಕಣಗಳನ್ನೇ ತೆಗೆದು, ತಿದ್ದಿ, ಮತ್ತೆ ನನಗೇ ಹಾಕುತ್ತಾರೆ. ಕೆಲವು ರೋಗಿಗಳಿಗೆ ಆಸ್ಪತ್ರೆಯವರೇ ಇದನ್ನು ಮಾಡಿಕೊಡುತ್ತಿದ್ದಾರೆ, ಅದರಲ್ಲಿ ನಾನೂ ಒಬ್ಬಳು. ಡಾಕ್ಟರಮ್ಮ ನಿಧಾನವಾಗಿ ಬಿಡಿಸಿ ಹೇಳಿದರು. ಹೊಟ್ಟೆಯೊಳಗಿನ ಮಗು ಬೇರೆಯೇ ಬಗೆಯ ರಕ್ತ ಮಾಡಿಕೊಳ್ಳುತ್ತದಂತೆ. ಹುಟ್ಟಿ ಕೆಲವು ತಿಂಗಳಿಗೆ ಅದು ನಿಂತು ದೊಡ್ಡವರ ರಕ್ತ ಶುರುವಾಗುತ್ತದೆ. ನನ್ನ ಮೈಗೆ ಬಾರದೆ ಹೋದದ್ದು ಆ ದೊಡ್ಡವರ ರಕ್ತ. ಮೊದಲಿನದನ್ನು ನಿಲ್ಲಿಸುವ ಒಂದು ಸ್ವಿಚ್ಚು ಕಣದೊಳಗೆ ಇದೆ. ಅದನ್ನು ಕತ್ತರಿಸಿಬಿಟ್ಟರೆ ಅಮ್ಮನ ಹೊಟ್ಟೆಯಲ್ಲಿದ್ದಾಗಿನ ರಕ್ತವೇ ಮತ್ತೆ ಹರಿಯಲು ಶುರುವಾಗುತ್ತದಂತೆ. ಇದನ್ನು ಕೇಳಿ ಅಮ್ಮ ಅಂದಳು, "ಮೊದಲೇ ಹೇಳಬಾರದಿತ್ತಾ ಡಾಕ್ಟ್ರೇ, ಇನ್ನೂ ಸ್ವಲ್ಪ ದಿನ ಒಳಗೇ ಇಟ್ಕೋತಿದ್ದೆ." ಡಾಕ್ಟರಮ್ಮ ಕನ್ನಡಕ ತೆಗೆದು ನಕ್ಕರು.

ಯಂತ್ರಕ್ಕೆ ಕೈ ಕೊಟ್ಟು ದಿನವಿಡೀ ಮಲಗಿದ್ದು ಆಗಿದೆ. ಕಣಗಳು ದೂರದ ಪ್ರಯೋಗಾಲಯಕ್ಕೆ ಹೋಗಿ, ತಿದ್ದಿಸಿಕೊಂಡು ವಾಪಸ್ಸೂ ಬಂದಿವೆ. ಯಜಮಾನರು ಸಿಕ್ಕ ಸಿಕ್ಕ ಗಿರಾಕಿಗಳಿಗೆಲ್ಲ ಹೇಳುತ್ತಿದ್ದಾರೆ, "ನಮ್ಮ ಹುಡುಗಿ ಇವತ್ತಿಗೂ ಬಸ್ ಬಿಟ್ಟು ಬೇರೆ ಏನೂ ಹತ್ತಿಲ್ಲ, ಅವಳ ಕಣಗಳು ನೋಡಿ, ವಿಮಾನದಲ್ಲಿ ಹೋಗಿ ಬಂದಿವೆ!" ನಾನು ನಾಚಿಕೆಯಿಂದ ಹಿಟ್ಟಿನ ಚೀಲಗಳ ಹಿಂದೆ ಸೇರಿಕೊಳ್ಳುತ್ತೇನೆ.

ನಿನಗೆ ಹೇಳಬೇಕಾದದ್ದು ಇನ್ನೊಂದಿದೆ. ನನಗೆ ಮಜ್ಜೆ ಸಿಗಲಿ ಎಂದೇ ನಿನ್ನನ್ನು ಹೆತ್ತರು ಎಂದು ಮನೆಗೆ ಬಂದವರೆಲ್ಲ ನಿನ್ನೆದುರೇ ಆಡುತ್ತಿದ್ದರು. ಅಜ್ಜಿಯಂತೂ ನಿನ್ನನ್ನು 'ಮದ್ದು' ಎಂದೇ ಕರೆಯುತ್ತಿದ್ದಳು. ನಿನ್ನದು ಹೊಂದಲಿಲ್ಲ. ಅಪ್ಪ ನಂಬದೆ ಇನ್ನೊಂದು ಆಸ್ಪತ್ರೆಗೆ, ಆಮೇಲೆ ಮತ್ತೊಂದಕ್ಕೆ ಕರೆದುಕೊಂಡು ಹೋದರು. ಆ ಕೊನೆಯ ಸಲ ಬಸ್ಸಿನಲ್ಲಿ ನೀನು ಕೇಳಿದ್ದು ನೆನಪಿದೆಯಾ? "ಈ ಸಲನಾದ್ರೂ ಪಾಸಾಗ್ತೀನಾ ಅಪ್ಪಾ?" ಅಪ್ಪ ಕಿಟಕಿಯ ಹೊರಗೆ ನೋಡುತ್ತಾ "ನೋಡೋಣ" ಅಂದರು. ಅದು ಪರೀಕ್ಷೆಯೇ ಅಲ್ಲ ಎಂದು ನಿನಗೆ ಯಾರೂ ಹೇಳಲಿಲ್ಲ.

ಅವತ್ತು ಡಾಕ್ಟರಮ್ಮ ಎಲ್ಲ ವಿವರಿಸಿ ಮುಗಿಸಿದ ಮೇಲೆ ಅಪ್ಪ ಒಂದೇ ಒಂದು ಮಾತು ಕೇಳಿದರು. "ಹಾಗಾದ್ರೆ ನಮ್ಮ ಹುಡುಗನ್ನ ಕರೆಸಬೇಕಾಗಿಲ್ವಾ?" "ಬೇಕಾಗಿಲ್ಲ" ಅಂದರು ಅವರು. ಅಪ್ಪನಿಗೆ ಖುಷಿಯಾಗುತ್ತದೆ ಎಂದುಕೊಂಡಿದ್ದೆ. ಮುಖ ಸಪ್ಪಗಾಯಿತು. ಮನೆಗೆ ಬಂದು ನಿನ್ನ ಹಳೆಯ ಸೈಕಲ್ಲನ್ನು ಹೊರಗೆ ತಂದು, ಯಾರೂ ಹತ್ತದ ಅದರ ಚೈನಿಗೆ ಎಣ್ಣೆ ಬಿಡುತ್ತಾ ಕೂತರು. ಆಗ ನನಗೆ ತಿಳಿಯಿತು. ನಿನ್ನನ್ನು ಮನೆಗೆ ಕರೆಯಲು ಅವರ ಹತ್ತಿರ ಇದ್ದ ನೆಪ ಅದೊಂದೇ. ಈಗ ಅದೂ ಇಲ್ಲ. ಸುಮ್ಮನೆ "ಬಾ" ಎನ್ನಲು ಅವರಿಗೆ ಬರುವುದಿಲ್ಲ ಕಣೋ.

ಹದಿನೇಳನೇ ತಾರೀಖು, ಸೋಮವಾರ, ನನ್ನನ್ನು ಆಸ್ಪತ್ರೆಗೆ ಸೇರಿಸಿಕೊಳ್ಳುತ್ತಾರೆ. ಮೊದಲು ಬಲವಾದ ಔಷಧಿ ಕೊಟ್ಟು ಹಳೆಯ ಮಜ್ಜೆಯನ್ನು ಖಾಲಿ ಮಾಡುತ್ತಾರೆ. ಕೂದಲು ಉದುರುತ್ತದೆ. ಒಂದು ತಿಂಗಳೋ ಇನ್ನೂ ಹೆಚ್ಚೋ, ಮುಚ್ಚಿದ ಕೋಣೆಯಲ್ಲಿ ಇರಬೇಕು. ಹೊಸ ಕಣಗಳು ಹಿಡಿಯಬಹುದು, ಹಿಡಿಯದೆಯೂ ಇರಬಹುದು ಎಂದು ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಭಯವಿಲ್ಲ ಎಂದು ಬರೆದರೆ ನೀನು ನಂಬುವುದಿಲ್ಲ. ಹಿಡಿಯದೆ ಹೋದರೂ ಅದಕ್ಕೂ ನಿನಗೂ ಸಂಬಂಧವಿಲ್ಲ. ಇದನ್ನು ಈಗಲೇ, ಏನಾಗುತ್ತದೆ ಎಂದು ಗೊತ್ತಾಗುವ ಮೊದಲೇ, ಬರೆದು ಕಳಿಸುತ್ತಿದ್ದೇನೆ.

ಗಾಡಿ ನಿಧಾನವಾಗಿ ಓಡಿಸು. ನಿದ್ದೆ ಬಂದರೆ ಎಲ್ಲಾದರೂ ನಿಲ್ಲಿಸಿ ಮಲಗು. ಅಮ್ಮ ನಿನ್ನ ತಲೆ ಸವರಿದ್ದಾಳೆ ಎಂದುಕೋ. ಅಪ್ಪ ಈಗಲೂ ದಿನಾ ಸೈಕಲ್ಲಿನ ಬೆಲ್ಲು ಹೊಡೆದು ನೋಡುತ್ತಾರೆ.

ನಿನ್ನ,
ಅಕ್ಕ

ತಾ.ಕ.: ಯಜಮಾನರು ಕಾಗದವನ್ನು ಅಂಚೆ ಡಬ್ಬಿಗೆ ಹಾಕಲು ಹೊರಟು ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಆ ಕೋಣೆಯೊಳಗೆ ಒಬ್ಬರನ್ನು ಮಾತ್ರ ಬಿಡುತ್ತಾರಂತೆ. ಯಾರು ಬರುತ್ತಾರೆ ಎಂದು ನರ್ಸ್ ಕೇಳಿದಾಗ ಅಪ್ಪ ಅಮ್ಮ ಬಾಯಿ ತೆರೆಯುವ ಮೊದಲೇ "ನನ್ನ ತಮ್ಮ" ಅಂದೆ. ಅಷ್ಟು ಗಟ್ಟಿಯಾಗಿ ಮಾತಾಡಿದ್ದು ನಾನೇನಾ ಎಂದು ಅಮ್ಮ ತಿರುಗಿ ನೋಡಿದಳು. "ಮಜ್ಜೆ ಕೊಡೋರಾ?" ಅಂದಳು ನರ್ಸ್. "ಅಲ್ಲ. ನನಗೆ ರಕ್ತ ಏರಿಸೋವಾಗೆಲ್ಲ ಹಾಸಿಗೆ ಮೇಲೆ ಕೂತು ಇಸ್ಪೀಟಿನಲ್ಲಿ ಮೋಸ ಮಾಡ್ತಿದ್ದ, ಅವನು" ಅಂದೆ. ಬೇರೆ ಯಾರ ಹೆಸರನ್ನೂ ಕೊಟ್ಟಿಲ್ಲ. ಬರುವಾಗ ಹೊಸ ಇಸ್ಪೀಟಿನ ಕಟ್ಟು ತಾ. ಪ್ಯಾಕು ಒಡೆದಿರಬಾರದು, ಸೋಂಕು ಅಂಟುತ್ತದೆ ಎಂದು ನರ್ಸ್ ಹೇಳಿದ್ದಾಳೆ. ಒಡೆದಿದ್ದರೆ ನಾನೂ ಒಪ್ಪುವುದಿಲ್ಲ, ನಿನ್ನ ಕೈಚಳಕ ನನಗೆ ಗೊತ್ತು.